ಬೈರಪ್ಪ ಮಾಯಮ್ಮನಿಗೆ ಎತ್ತಿಟ್ಟ ಪಾಲು

ವಿರೂಪಾಕ್ಷಿಪುರದಿಂದ ಮೂರು ಕಿಲೋಮೀಟರ್ ಒಳಗಿರುವ ನಮ್ಮ ಹಳ್ಳಿಯಲ್ಲಿ ತಕ್ಕಡಿ ಇಲ್ಲವೆಂದಲ್ಲ. ಇದೆ. ಆದರೆ ಬೈರಪ್ಪ ಇರುವ ತನಕ ಅದಕ್ಕೆ ಕೆಲಸವಿಲ್ಲ. ಹಬ್ಬದ ಮಾರನೆಯ ದಿನ ಹದಿನಾರು ಮನೆಯವರು ಸೇರಿ ಒಂದು ಟಗರು ತಂದು, ಕುಯ್ದು, ಸಮನಾಗಿ ಹಂಚಿಕೊಳ್ಳುತ್ತೇವೆ. ಅದಕ್ಕೆ ನಮ್ಮ ಕಡೆ ಗುಡ್ಡೆ ಮಾಂಸ ಎನ್ನುತ್ತಾರೆ. ಬಾಳೆಲೆ ಹಾಸಿದ ಮೇಲೆ ಹದಿನಾರು ಗುಡ್ಡೆ ಏಳುತ್ತವೆ. ಪ್ರತಿ ಗುಡ್ಡೆಗೂ ತೊಡೆಯದು ಇಷ್ಟು, ಪಕ್ಕೆಲುಬು ಇಷ್ಟು, ಬೋಟಿ ಇಷ್ಟು, ತಲೆಕಾಲಿನದು ಇಷ್ಟು, ಲಿವರ್ ಇಷ್ಟು ಬೀಳಬೇಕು. ಇಪ್ಪತ್ತೈದು ವರ್ಷದಿಂದ ಗುಡ್ಡೆ ಹಾಕುವವನು ಬೈರಪ್ಪನೇ. ಎಲ್ಲ ಕಣ್ಣಳತೆ. ಒಂದು ಸಲ ಏಳನೇ ಗುಡ್ಡೆಯ ಮೇಲೆ ನೊಣ ಕೂತಿತೆಂದು ಮಿಕ್ಕ ಹದಿನೈದು ಗುಡ್ಡೆಗೂ ಒಂದೊಂದು ನೊಣದ ತೂಕದ ಚೂರು ಸೇರಿಸಿದ. ನಾನು ಕಣ್ಣಾರೆ ಕಂಡಿದ್ದೇನೆ. ನಂಬದವರು ಆ ನೊಣವನ್ನೇ ಕೇಳಿಕೊಳ್ಳಬಹುದು.

ಗುಡ್ಡೆ ಹಾಕಿದ ಮೇಲೆ ಒಬ್ಬ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಇನ್ನೊಬ್ಬ ಒಂದು ಗುಡ್ಡೆಗೆ ಕೈ ತೋರಿಸಿ ಇದು ಯಾರದ್ದು ಎನ್ನುತ್ತಾನೆ. ಬೆನ್ನು ತಿರುಗಿಸಿದವನು ಹೇಳಿದ ಹೆಸರಿಗೆ ಆ ಗುಡ್ಡೆ. ಹೀಗಿರುವಾಗ ಹಾಕಿದವನು ತನಗೊಂದು ಗುಡ್ಡೆಯನ್ನು ದಪ್ಪ ಮಾಡಿಕೊಂಡು ಪ್ರಯೋಜನವಿಲ್ಲ. ಪ್ರಯೋಜನವಿದ್ದರೂ ಬೈರಪ್ಪ ಮಾಡುವ ಆಸಾಮಿಯಲ್ಲ.

ಜಗಳ ಹುಟ್ಟುವುದು ಯಾವಾಗಲೂ ಲಿವರ್ ವಿಷಯದಲ್ಲಿ. ತೊಡೆ ಎರಡಿವೆ, ಪಕ್ಕೆಲುಬು ಬೇಕಾದಷ್ಟಿವೆ. ಲಿವರ್ ಮಾತ್ರ ಒಂದೇ. ಅದಕ್ಕೆ ಅಂಟಿಕೊಂಡಿರುವ ಹಸಿರು ಪಿತ್ತದ ಚೀಲ ಒಡೆದರೆ ಹದಿನಾರು ಮನೆಯ ಬಾಯಿಯೂ ಕಹಿ. ಬೈರಪ್ಪ ಅದನ್ನು ಬಿಡಿಸುವಾಗ ಊರಿನ ಕಾಗೆಗಳೂ ಉಸಿರು ಬಿಗಿಹಿಡಿಯುತ್ತಿದ್ದವು. ಬಿಡಿಸಿ, ಚೀಲವನ್ನು ದೂರ ಎಸೆದು, ಲಿವರನ್ನು ಅಂಗೈ ಮೇಲೆ ಹರಡಿಕೊಂಡು ಒಂದು ಗಳಿಗೆ ನೋಡುತ್ತಿದ್ದ. ಆಮೇಲೆ ಹದಿನೈದು ಸಲ ಚಾಕು ಆಡಿಸಿದರೆ ಹದಿನಾರು ತುಂಡು.

ಉಳಿದ ದಿನಗಳಲ್ಲಿ ಬೈರಪ್ಪ ಎಲ್ಲರಂತೆ ರೇಷ್ಮೆ ಬೆಳೆಗಾರ. ಒಂದು ಎಕರೆ ಹಿಪ್ಪುನೇರಳೆ, ಒಂದು ಹುಳುಮನೆ, ಎರಡು ಹಸು. ವಯಸ್ಸು ನಲವತ್ತೆಂಟು, ತೂಕ ಎಂಬತ್ತೆಂಟು ಕೆಜಿ. ಅವನು ಕೂತೆದ್ದ ಜಗಲಿ ಒಂದು ಬೆರಳಷ್ಟು ಕುಸಿಯುತ್ತದೆಂದು ಹೆಂಡತಿ ಮಾಯಮ್ಮ ವರ್ಷಕ್ಕೊಮ್ಮೆ ಅದಕ್ಕೆ ಮಣ್ಣು ಮೆತ್ತುತ್ತಿದ್ದಳು. ಒಬ್ಬಳೇ ಮಗಳು ಧನುಶ್ರೀ ರಾಮನಗರದ ಹಾಸ್ಟೆಲ್‌ನಲ್ಲಿದ್ದುಕೊಂಡು ನರ್ಸಿಂಗ್ ಓದುತ್ತಿದ್ದಳು.

ಮಾಯಮ್ಮ ಬಾಯಿ ಜೋರಿನ, ಕೈ ಇನ್ನೂ ಜೋರಿನ ಹೆಂಗಸು. ಅವಳು ಹುಳುಗಳಿಗೆ ಸೊಪ್ಪು ಹಾಕಲು ಒಳಗೆ ಬಂದರೆ ಹುಳುಗಳು ಎದ್ದು ಸಾಲಾಗಿ ನಿಲ್ಲುತ್ತವೆಂದು ಊರಲ್ಲಿ ಪ್ರತೀತಿ. ಅಂಥವಳು ಹೋದ ವರ್ಷ ದೀಪಾವಳಿ ಕಳೆದ ಮೇಲೆ ಸೊರಗತೊಡಗಿದಳು. ಮೊದಲು ಕಣ್ಣು ಹಳದಿಯಾಯಿತು. ಯಾರೋ ಕಾಮಾಲೆ ಎಂದರು, ಮೂರು ಬೆಳಿಗ್ಗೆ ನೆಲನೆಲ್ಲಿ ಅರೆದು ಕುಡಿಸಿದರು. ಹಳದಿ ಹೋಗಲಿಲ್ಲ. ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಊದಿಕೊಂಡಿತು. ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ. ಒಂದು ಬೆಳಿಗ್ಗೆ ಕಾಫಿಗೆ ಸಕ್ಕರೆಯ ಬದಲು ಉಪ್ಪು ಹಾಕಿಕೊಟ್ಟಳು. ಬೈರಪ್ಪ ತಮಾಷೆಯೆಂದುಕೊಂಡು ನಕ್ಕ. ಅದೇ ಸಂಜೆ ಬಸ್ಸಿಳಿದು ಬಂದ ಮಗಳನ್ನು ನೋಡಿ, ಯಾರ ಮನೆ ಹುಡುಗಿ ಅವ್ವ ನೀನು, ಎಂದಳು. ಆಗ ಅವನು ನಗಲಿಲ್ಲ. ಮಾರನೆಯ ದಿನವೇ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದರು.

ಅಲ್ಲಿನ ಲಿವರ್ ಡಾಕ್ಟರು ಕೆಹಕಶಾನ್, ಹುಟ್ಟಿ ಬೆಳೆದದ್ದು ಚನ್ನಪಟ್ಟಣ. ನಮ್ಮ ಮಾತು ಅವರಿಗೆ ಬರುತ್ತದೆ. ಬೈಯುವುದಕ್ಕೆ ಅದು ಇನ್ನೂ ಚೆನ್ನಾಗಿ ಬರುತ್ತದೆಂದು ಬೈರಪ್ಪನಿಗೆ ಆಮೇಲೆ ತಿಳಿಯಿತು. ಮಾಯಮ್ಮನ ಲಿವರ್ ಕೆಟ್ಟಿದೆ ಎಂದು ಕೇಳಿದ್ದೇ ಬೈರಪ್ಪ ಎದ್ದು ನಿಂತ. ಅವಳು ಒಂದು ತೊಟ್ಟು ಹೆಂಡವನ್ನೂ ಮುಟ್ಟಿದವಳಲ್ಲ, ಕುಡಿಯದವರ ಲಿವರ್ ಕೆಡುವುದುಂಟೇ, ರಿಪೋರ್ಟ್ ಬೇರೆ ಯಾರದ್ದೋ ಇರಬೇಕು ಎಂದು ವಾದಿಸಿದ. ಡಾಕ್ಟರು ಅವನನ್ನು ಕೂರಿಸಿ ಹೇಳಿದರು: ಮೈ ಕಾಯಬೇಕಾದ ಪಡೆಯೇ ಕೆಲವರಲ್ಲಿ ತಪ್ಪು ತಿಳಿದು ಸ್ವಂತ ಲಿವರ್ ಮೇಲೆ ಬೀಳುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ತಿನ್ನುತ್ತದೆ. ಗಾಯ ಒಣಗಿ ಒಣಗಿ ಲಿವರ್ ಕಲ್ಲಿನಂತಾಗುತ್ತದೆ. ಕುಡಿತಕ್ಕೂ ಇದಕ್ಕೂ ಸಂಬಂಧವಿಲ್ಲ.

ಬೈರಪ್ಪ ಸಾವಿರ ಲಿವರ್ ಕುಯ್ದವನು. ಅದು ಎಲ್ಲಿರುತ್ತದೆ, ಎಷ್ಟು ಮೆತ್ತಗಿರುತ್ತದೆ, ಯಾವ ಕಡೆಯಿಂದ ಚಾಕು ಇಡಬೇಕು ಎಲ್ಲ ಗೊತ್ತು. ಬದುಕಿರುವಾಗ ಅದು ಏನು ಮಾಡುತ್ತಿರುತ್ತದೆಂದು ಮಾತ್ರ ಯಾವ ಟಗರೂ ಅವನಿಗೆ ಹೇಳಿರಲಿಲ್ಲ. ಡಾಕ್ಟರು ಹೇಳಿದರು. ನಾವು ತಿಂದದ್ದು ಕರುಳಿನಲ್ಲಿ ಕರಗಿ ರಕ್ತಕ್ಕೆ ಸೇರುತ್ತದಲ್ಲ, ಆ ರಕ್ತ ನೇರವಾಗಿ ಮೈಗೆಲ್ಲ ಹರಿಯುವುದಿಲ್ಲ. ಒಂದು ದಪ್ಪ ನಾಳದಲ್ಲಿ ಮೊದಲು ಲಿವರ್‌ಗೆ ಬರಬೇಕು. ಅಲ್ಲಿ ಎಲ್ಲ ವಿಂಗಡಣೆ. ಸಕ್ಕರೆ ಹೆಚ್ಚಿದ್ದರೆ ಎತ್ತಿಟ್ಟುಕೊಂಡು, ಊಟವಿಲ್ಲದ ಹೊತ್ತಿನಲ್ಲಿ ಒಸಿ ಒಸಿಯಾಗಿ ಬಿಡುತ್ತದೆ. ವಿಷವಿದ್ದರೆ ಮುರಿದು ಆಚೆಗೆ ಕಳಿಸುತ್ತದೆ. ಆ ಕೆಲಸ ನಿಂತರೆ ವಿಷ ತಲೆಗೇರುತ್ತದೆ. ಅದಕ್ಕೇ ಕಾಫಿಗೆ ಉಪ್ಪು ಬಿದ್ದದ್ದು. ನೀರನ್ನು ರಕ್ತನಾಳದೊಳಗೆ ಹಿಡಿದಿಡುವ ಸಾರ ತಯಾರಾಗುವುದೂ ಲಿವರ್‌ನಲ್ಲೇ. ಅದು ಕಮ್ಮಿಯಾದದ್ದರಿಂದ ನೀರು ಸೋರಿ ಹೊಟ್ಟೆ ತುಂಬಿದೆ. ರಕ್ತ ಹೆಪ್ಪುಗಟ್ಟಿಸುವ ಮದ್ದೂ ಅಲ್ಲೇ ಆಗಬೇಕು. ಆಗದ್ದರಿಂದ ಒಸಡು ಸೋರುತ್ತಿದೆ. ಹಳೆಯ ರಕ್ತದ ಹಳದಿ ಬಣ್ಣವನ್ನು ಪಿತ್ತದ ಜೊತೆ ಕರುಳಿಗೆ ಇಳಿಸಬೇಕಾದದ್ದೂ ಅದೇ. ಇಳಿಸದಿದ್ದರೆ ಬಣ್ಣ ಕಣ್ಣಿಗೆ ಬರುತ್ತದೆ.

ಬೈರಪ್ಪ ಇದನ್ನೆಲ್ಲ ಊರಿಗೆ ಬಂದು ಒಪ್ಪಿಸಿದ. ಗುಡ್ಡೆಗೆ ಟಗರು ಹುಡುಕಿ ತರುವ ಸ್ವಾಮಿ, ಬೈರಪ್ಪನ ಬಾಲ್ಯದ ಗೆಣೆಕಾರ, ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿ ತೀರ್ಪು ಕೊಟ್ಟ. "ಅಂದ್ರೆ ಒಳಗೂ ಒಬ್ಬ ಬೈರಪ್ಪ ಕೂತವ್ನೆ ಕಣ್ಲಾ. ಬಂದಿದ್ದನ್ನೆಲ್ಲ ಗುಡ್ಡೆ ಹಾಕಿ, ಯಾರ್ ಮನೆಗೆ ಏನು ಅಂತ ಕಳಿಸ್ತಾವ್ನೆ. ಮಾಯಕ್ಕನ ಒಳಗಿರೋನು ಕುಂತಲ್ಲೇ ಸುಸ್ತಾಗ್ಬುಟ್ಟವ್ನೆ."

ಔಷಧದ ಕಾಲ ಮೀರಿತ್ತು. ಬೇರೆ ಲಿವರ್ ಹಾಕಬೇಕು. ಸತ್ತವರು ಕೊಟ್ಟು ಹೋಗುವ ಲಿವರ್‌ಗೆ ಹೆಸರು ಬರೆಸಿದರು; ಆ ಸಾಲು ಉದ್ದವಿತ್ತು. ಇಲ್ಲವೇ ಮನೆಯವರಲ್ಲಿ ಯಾರಾದರೂ ತಮ್ಮದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕೊಡಬೇಕು. ಕೊಟ್ಟವರದೂ ಪಡೆದವರದೂ ಕೆಲವೇ ತಿಂಗಳಲ್ಲಿ ಬೆಳೆದು ಪೂರ್ತಿಯಾಗುತ್ತದೆ, ಮೈಯೊಳಗೆ ಹೀಗೆ ಬೆಳೆಯುವ ಅಂಗ ಇದೊಂದೇ ಎಂದರು ಡಾಕ್ಟರು. ಹಂಚಿದ್ದು ಮತ್ತೆ ಇಡಿಯಾಗುವ ಈ ಸುದ್ದಿ ಕೇಳಿ ಬೈರಪ್ಪ ಎರಡು ದಿನ ತನ್ನ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ. ಧನುಶ್ರೀ ತಾನು ಕೊಡುತ್ತೇನೆಂದು ಮುಂದೆ ಬಂದಳು. ಅವಳು ಸಪೂರ ಹುಡುಗಿ, ಲಿವರ್ ಕೂಡ ಸಣ್ಣದು. ಕೊಟ್ಟು ಉಳಿದದ್ದು ಅವಳಿಗೇ ಸಾಲುವುದಿಲ್ಲ ಎಂದು ಸ್ಕ್ಯಾನ್ ಹೇಳಿತು. ಮಾಯಮ್ಮನ ತಮ್ಮನಿಗೆ ಸಕ್ಕರೆ ಕಾಯಿಲೆ. ಉಳಿದವನು ಬೈರಪ್ಪ. ರಕ್ತದ ಗುಂಪು ಹೊಂದಿತು. ಈ ವಾರ್ಡಿನಲ್ಲಿ ಗಂಡನಿಗೆ ಕೊಟ್ಟ ಹೆಂಡತಿಯರೇ ಹೆಚ್ಚು, ಹೆಂಡತಿಗೆ ಕೊಡಲು ಬರುವ ಗಂಡ ಅಪರೂಪ ಎಂದು ಅಲ್ಲಿನ ನರ್ಸು ಹೇಳಿದ್ದಕ್ಕೆ, ಇಷ್ಟು ದಿನ ಗಂಡಸರು ಹಾಕಿದ ಗುಡ್ಡೆ ಸರಿಯಿರಲಿಲ್ಲ ಬಿಡಿ ಎಂದನಂತೆ.

ಆದರೆ ಸ್ಕ್ಯಾನ್ ನೋಡಿ ಡಾಕ್ಟರು ತಲೆಯಾಡಿಸಿದರು. ಬೈರಪ್ಪನ ಲಿವರ್‌ನಲ್ಲಿ ನಾಲ್ಕರಲ್ಲಿ ಒಂದು ಪಾಲು ಕೊಬ್ಬು. ಇಂಥದ್ದನ್ನು ತೆಗೆದು ಹಾಕಿದರೆ ಅವಳಿಗೂ ಹಿಡಿಯುವುದಿಲ್ಲ, ಇವನೂ ಏಳುವುದಿಲ್ಲ. ಇಪ್ಪತ್ತೈದು ವರ್ಷ ಟಗರಿನ ಕೊಬ್ಬನ್ನು ಹೆರೆದು ಹೆರೆದು ಹಂಚಿದವನ ಒಳಗೇ ಇಷ್ಟೊಂದು ಹಂಚದೆ ಉಳಿದಿತ್ತು. ಎರಡು ತಿಂಗಳು ಕೊಟ್ಟರು. ಹತ್ತು ಕೆಜಿ ಇಳಿಯಬೇಕು, ಮಾಂಸ, ಎಣ್ಣೆ, ಸಿಹಿ, ಕುಡಿತ ಯಾವುದೂ ಕೂಡದು, ದಿನಾ ನಡೆಯಬೇಕು.

ಇಲ್ಲಿಯವರೆಗೆ ಬೈರಪ್ಪನದು ಸರಿಯಿತ್ತು. ತಪ್ಪಿದ್ದು ಊರಿನವರ ಪ್ರೀತಿಯಿಂದ.

ನಮ್ಮ ಕಡೆ ಕಾಲು ಮುರಿದವನಿಗೆ ಕಾಲು ಸೂಪು ಕುಡಿಸುತ್ತೇವೆ. ಪರೀಕ್ಷೆಗೆ ಓದುವ ಮಕ್ಕಳಿಗೆ ತಲೆಮಾಂಸ ತಿನ್ನಿಸುತ್ತೇವೆ. ಪಾಸಾದರೆ ಹೆಸರು ತಲೆಮಾಂಸದ್ದು, ಫೇಲಾದರೆ ತಪ್ಪು ಮೇಷ್ಟರದ್ದು. ಹೆಂಡತಿಗೆ ಲಿವರ್ ಕೊಡಲು ಹೊರಟವನಿಗೆ ಏನು ತಿನ್ನಿಸಬೇಕೆಂದು ಯಾರೂ ಯೋಚಿಸಬೇಕಾಗಲಿಲ್ಲ. ಮುಂದಿನ ಗುಡ್ಡೆಯ ದಿನ ಸ್ವಾಮಿ ಎದ್ದು ನಿಂತು, ಈ ಸಲದ ಲಿವರ್ ಇಡಿಯಾಗಿ ಬೈರಪ್ಪನಿಗೆ ಎಂದ. ಹದಿನಾರು ಮನೆಯವರೂ ಹೂಂ ಎಂದರು. ಅರ್ಧ ತುಂಡು ಲಿವರ್‌ಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಊರು ಅದು. ಕೆರೆ ಕೋಡಿ ಬಿದ್ದ ದಿನವೂ ಅಷ್ಟು ಒಗ್ಗಟ್ಟು ಇರಲಿಲ್ಲ. ಸುದ್ದಿ ಪಕ್ಕದ ಹಳ್ಳಿಗಳಿಗೂ ಹೋಯಿತು. ಅಲ್ಲಿಂದಲೂ ಸ್ಟೀಲ್ ಡಬ್ಬಿಗಳಲ್ಲಿ ಲಿವರ್ ಬರತೊಡಗಿತು. ಆ ತಿಂಗಳು ಚನ್ನಪಟ್ಟಣ ತಾಲ್ಲೂಕಿನಲ್ಲಿ ಲಿವರ್ ಇರುವ ಟಗರೇ ಸಿಗದಂತಾಗಿತ್ತೆಂದರೆ ನಾನು ಹೇಳುವುದು ಸ್ವಲ್ಪ ಹೆಚ್ಚಾಗಬಹುದು, ಬಹಳ ಹೆಚ್ಚಲ್ಲ.

ಬೈರಪ್ಪನಿಗೆ ಅಳುಕಿತ್ತು. ಆದರೆ ಡಾಕ್ಟರು ಮಾಂಸ ತಿನ್ನಬೇಡಿ ಎಂದಿದ್ದಾರೆ, ಇದು ಊಟವಲ್ಲ, ಮದ್ದು ಎಂದು ತನಗೆ ತಾನೇ ತೀರ್ಮಾನಿಸಿಕೊಂಡ. ಆಗ ಮನೆಯಲ್ಲೇ ಇದ್ದ ಮಾಯಮ್ಮನಿಗೆ ಒಗ್ಗರಣೆಯ ವಾಸನೆಗೇ ವಾಕರಿಕೆ ಬರುತ್ತಿದ್ದರಿಂದ ಸ್ವಾಮಿಯ ಮನೆಯಲ್ಲಿ ಕೂತು ತಿಂದ. ಸ್ವಾಮಿಯ ಹೆಂಡತಿ ಲಿವರ್ ಹುರಿಯುವಾಗ ತುಪ್ಪದಲ್ಲಿ ಕೈ ಹಿಡಿಯುವವಳಲ್ಲ. ಜೀವ ಕೊಡಲು ಹೊರಟವನಿಗೆ ಇನ್ನೂ ಒಂದು ಸೌಟು ಹೆಚ್ಚೇ ಬಿತ್ತು. ಧನುಶ್ರೀ ಹಾಸ್ಟೆಲ್‌ನಿಂದ ಫೋನ್ ಮಾಡಿ ಏನು ತಿಂದೆಯಪ್ಪ ಎಂದರೆ, ಸೊಪ್ಪಿನ ಸಾರು ಎನ್ನುತ್ತಿದ್ದ. ಅದೂ ಸುಳ್ಳಲ್ಲ. ಕೊನೆಗೆ ಅದನ್ನೂ ತಿನ್ನುತ್ತಿದ್ದ.

ನಾಲ್ಕು ವಾರದ ಮೇಲೆ ಆಸ್ಪತ್ರೆಯ ತೂಕದ ಯಂತ್ರ ತೊಂಬತ್ತೊಂದು ತೋರಿಸಿತು. ಅದೇ ವಾರ ಮತ್ತೆ ಆಸ್ಪತ್ರೆ ಸೇರಿದ್ದ ಮಾಯಮ್ಮನ ಹೊಟ್ಟೆಯಿಂದ ನಾಲ್ಕು ಲೀಟರ್ ನೀರು ತೆಗೆದಿದ್ದರು. ಅವಳು ಒಳಗಿನ ಹಾಸಿಗೆಯಲ್ಲಿ ಯಾರನ್ನೂ ಗುರುತಿಸದೆ ಮಲಗಿದ್ದಳು. ಕೆಹಕಶಾನ್ ಡಾಕ್ಟರು ಬಾಗಿಲು ಮುಚ್ಚಿದರು. ಬೈರಪ್ಪ, ಧನುಶ್ರೀ, ಜೊತೆಗೆ ಹೋಗಿದ್ದ ಸ್ವಾಮಿ ಮೂವರೂ ಸಾಲಾಗಿ ನಿಂತರು. ಬೈರಪ್ಪ ಎಲ್ಲವನ್ನೂ ಒಪ್ಪಿಕೊಂಡ.

"ತಿಂದ ಲಿವರ್ ಹೋಗಿ ಲಿವರ್‌ಗೆ ಅಂಟ್ಕೊಳಲ್ಲ ಬೈರಪ್ಪನವರೇ," ಎಂದರು ಡಾಕ್ಟರು. "ಹೊಟ್ಟೆಗೆ ಬಿದ್ಮೇಲೆ ಅದೂ ಊಟಾನೇ. ಅದ್ರ ತುಪ್ಪಾನೂ ಊಟಾನೇ. ನಿಮ್ಮ ಲಿವರ್ ಪಾಪ ಹಗಲೂ ರಾತ್ರಿ ವಿಂಗಡಿಸ್ತಾ ಐತೆ. ಎಲ್ಲಿಗೂ ಕಳಿಸೋಕಾಗದೆ ಮಿಕ್ಕಿದ್ದನ್ನ ಕೊಬ್ಬು ಮಾಡಿ ತನ್ನ ಮಡಿಲಲ್ಲೇ ಇಟ್ಕೋತಾ ಐತೆ. ನೀವು ಮದ್ದು ಅಂತ ತಿಂದಿದ್ದೆಲ್ಲ ಮಾಯಮ್ಮನ ಪಾಲಿಂದ ಕಳೆದಂಗೆ."

ಸ್ವಾಮಿ ತಲೆ ತಗ್ಗಿಸಿ, "ಡಾಕ್ಟ್ರಮ್ಮ, ತಪ್ಪು ನಮ್ಮೂರಿಂದು," ಎಂದ.

"ಊರಿನ ಹೊಟ್ಟೆ ಕುಯ್ಯಲ್ಲ ನಾನು. ಇವರದ್ದು ಕುಯ್ಯೋದು. ಇನ್ನು ಆರು ವಾರ. ಅದಕ್ಕಿಂತ ಆಚೆಗೆ ಮಾಯಮ್ಮ ಕಾಯ್ತಾರೆ ಅಂತ ನಾನು ಮಾತು ಕೊಡಲ್ಲ."

ವಾಪಸ್ ಬರುವಾಗ ಬಿಡದಿ ದಾಟುವ ಮೊದಲೇ ಸ್ವಾಮಿ ಕಾರಿನಿಂದ ಹೆಂಡತಿಗೆ ಫೋನ್ ಮಾಡಿ, ತುಪ್ಪದ ಡಬ್ಬಿಯನ್ನು ಅಟ್ಟಕ್ಕೆ ಎತ್ತಿಡು ಎಂದನಂತೆ.

ಆಮೇಲಿನ ಆರು ವಾರ ಬೈರಪ್ಪ ಜೈಲಿನಲ್ಲಿದ್ದ ಎನ್ನಬೇಕು, ಊರೆಲ್ಲ ಕಾವಲು. ಲಿವರ್ ಬಿಟ್ಟುಕೊಟ್ಟ ಜನವೇ ಈಗ ಕೋಲು ಹಿಡಿದರು. ಧನುಶ್ರೀ ರಜೆ ಹಾಕಿ ಬಂದು ಮುದ್ದೆಯನ್ನು ಅರ್ಧ ಮಾಡಿದಳು, ಸೊಪ್ಪು ಕಾಳು ಎರಡರಷ್ಟು ಮಾಡಿದಳು, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ವಿರೂಪಾಕ್ಷಿಪುರಕ್ಕೆ ನಡೆಸಿದಳು. ದಾರಿಯಲ್ಲಿ ನಿಂತರೆ ಹೊಲದಲ್ಲಿದ್ದವರು ಕೂಗಿ ಮುಂದಕ್ಕೆ ಅಟ್ಟುತ್ತಿದ್ದರು. ವಿರೂಪಾಕ್ಷಿಪುರದ ಹೋಟೆಲ್ ಮುಂದೆ ನಿಂತು ಬೋಂಡದ ವಾಸನೆಯನ್ನು ಒಂದು ಸಲ ಜೋರಾಗಿ ಎಳೆದುಕೊಂಡದ್ದಕ್ಕೆ ಮೂರು ಕಡೆಯಿಂದ ಮಗಳಿಗೆ ಫೋನ್ ಹೋಯಿತು. ಮೂರನೇ ವಾರದಲ್ಲಿ ಪ್ಯಾಂಟಿಗೆ ದಾರ ಕಟ್ಟಿಕೊಂಡ. ನಾಲ್ಕನೇ ವಾರದಲ್ಲಿ ಅವನ ನೆರಳು ಇನ್ನೂ ದಪ್ಪಗಿದ್ದು, ಅವನು ಮಾತ್ರ ಸಣ್ಣಗಾಗಿ ಮುಂದೆ ಹೋಗುತ್ತಿದ್ದ. ನೆರಳಿಗೆ ಸುದ್ದಿ ತಡವಾಗಿ ಮುಟ್ಟಿರಬೇಕು. ಯುಗಾದಿಯ ಮಾರನೆಯ ದಿನ ಎಂದಿನಂತೆ ಹದಿನಾರು ಗುಡ್ಡೆ ಹಾಕಿ, ತನ್ನ ಹೆಸರಿಗೆ ಬಂದದ್ದನ್ನು ಪಕ್ಕದ ಮನೆಗೆ ಕೊಟ್ಟು, ಕೈ ತೊಳೆದು, ನಡೆಯಲು ಹೊರಟ. ಆ ದಿನ ಊರಿನಲ್ಲಿ ಅರ್ಧ ಜನಕ್ಕೆ ಗಂಟಲಲ್ಲಿ ತುತ್ತು ಇಳಿಯಲಿಲ್ಲ. ಉಳಿದ ಅರ್ಧ ಜನಕ್ಕೆ ಇಳಿಯಿತು, ಸುಳ್ಳೇಕೆ ಹೇಳಲಿ.

ಮಾಯಮ್ಮನನ್ನು ಮತ್ತೆ ಮನೆಗೆ ಕರೆತಂದಿದ್ದರು. ತಲೆಗೆ ವಿಷವೇರದಂತೆ ಔಷಧ ನಡೆಯುತ್ತಿತ್ತು. ಕೆಲವು ದಿನ ಮಬ್ಬು, ಕೆಲವು ದಿನ ತಿಳಿ. ತಿಳಿಯಾಗಿದ್ದ ಒಂದು ಮಧ್ಯಾಹ್ನ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಎದುರಿಗೆ ಬೈರಪ್ಪ ಸೌತೆಕಾಯಿ ಕಚ್ಚುತ್ತಿದ್ದ. ಅವನ ಕೆನ್ನೆಯ ಮೂಳೆ ಕಾಣುವಂತಾಗಿತ್ತು. ಮದುವೆಯ ಫೋಟೋದಲ್ಲಿ ಬಿಟ್ಟರೆ ಆ ಮೂಳೆಯನ್ನು ಅವಳು ನೋಡಿದ್ದು ಅದೇ ಮೊದಲು. ಒಳಗಡೆ ಸೊಪ್ಪು ಬಿಡಿಸುತ್ತಿದ್ದ ಧನುಶ್ರೀ ಕಿವಿಗೆ ಬಿದ್ದ ಮಾತು ಇದು. ಅವಳೇ ಆಮೇಲೆ ಹೇಳಿದ್ದು.

"ಧನು ಅಪ್ಪಾ, ನಂಗೆ ಬ್ಯಾಡ ಕಣೋ."

"ಏನ್ ಬ್ಯಾಡ?"

"ನಿನ್ನದನ್ನ ಕುಯ್ಯೋದು. ನಿಂಗೇನಾರ ಆಗ್ಬುಟ್ರೆ ಮಗಾ ಇಬ್ರುನೂ ಕಳ್ಕೊಂಡು ನಿಂತ್ಕೋತದೆ."

"ಡಾಕ್ಟ್ರಮ್ಮ ಹೇಳಿಲ್ವಾ, ಕುಯ್ದಿದ್ದು ಮತ್ತೆ ಬೆಳೀತದೆ."

"ಬೆಳೀದೆ ಹೋದ್ರೆ?"

ಸೌತೆಕಾಯಿ ಕಚ್ಚುವ ಸದ್ದು ನಿಂತಿತು. ಬೈರಪ್ಪ ಹೇಳಿದ. "ಬೆಳೀದೆ ಹೋದ್ರೆ ಇರೋ ಅರ್ಧರ್ಧದಲ್ಲೇ ಸಂಸಾರ ಮಾಡನ. ಇಷ್ಟ್ ದಿನ ನಮಗೆ ಯಾವ್ದು ಪೂರ್ತಿ ಇತ್ತು, ಹೇಳು."

"ಅರ್ಧ ಅಲ್ವಂತೆ. ನೂರಕ್ಕೆ ಅರುವತ್ತು ನಂಗಂತೆ."

"ಊಂ."

"ಇಪ್ಪತ್ತೈದ್ ವರ್ಷ ಊರಿಗೆಲ್ಲ ಗುಡ್ಡೆ ಹಾಕ್ದೆ. ಒಂದ್ ದಿವ್ಸನಾದ್ರೂ ನಮ್ಮನೆಗೆ ಅಂತ ಒಂದ್ ತುಂಡು ಜಾಸ್ತಿ ತಂದಿಯಾ ನೀನು?"

"ಈಗ ತತ್ತಾ ಇದೀನಲ್ಲ. ಮಾತಾಡ್ದೆ ಈಸ್ಕೋ."

ಮಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಮತ್ತೆ ಬೇಡವೆನ್ನಲಿಲ್ಲ. ಸೌತೆಕಾಯಿ ಕಚ್ಚುವ ಸದ್ದು ಶುರುವಾಯಿತು.

ಆರನೇ ವಾರದ ಕೊನೆಗೆ ಎಪ್ಪತ್ತೇಳು ಕೆಜಿ. ಡಾಕ್ಟರು ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿದರು, ಕಂಪ್ಯೂಟರಿನಲ್ಲಿ ನೋಡಿದರು, ಹಳೆಯದರ ಪಕ್ಕದಲ್ಲಿಟ್ಟು ನೋಡಿದರು. ಕೊಬ್ಬು ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತು. ಲಿವರ್ ಎಷ್ಟು ಬೇಗ ಮುನಿಸಿಕೊಳ್ಳುತ್ತದೋ ಅಷ್ಟೇ ಬೇಗ ಕ್ಷಮಿಸುತ್ತದೆ, ಕಲ್ಲಾಗುವ ಮೊದಲು ಕೇಳಿಕೊಳ್ಳಬೇಕು ಅಷ್ಟೇ ಎಂದರು. ಸ್ವಾಮಿ ಅಲ್ಲೇ ಡಾಕ್ಟರ ಕಾಲಿಗೆ ಬೀಳಲು ಹೋಗಿ ರೋಗಿಗಳ ತಳ್ಳುಗಾಡಿಗೆ ಹಣೆ ಬಡಿಸಿಕೊಂಡ. ಅವನಿಗೆ ಎರಡು ಹೊಲಿಗೆ ಬಿದ್ದವು. ನಮ್ಮೂರಿನಿಂದ ಆ ಆಸ್ಪತ್ರೆಯಲ್ಲಿ ಮೊದಲು ಹೊಲಿಸಿಕೊಂಡವನು ಅವನೇ.

ಆಪರೇಷನ್ನಿಗೆ ಮುಂಜಾನೆ ಆರಕ್ಕೆ ಒಳಗೆ ಕರೆದುಕೊಂಡು ಹೋದರು. ಅಕ್ಕಪಕ್ಕದ ಎರಡು ಕೋಣೆ. ಒಂದರಲ್ಲಿ ಬೈರಪ್ಪ, ಇನ್ನೊಂದರಲ್ಲಿ ಮಾಯಮ್ಮ. ಬಲಭಾಗದ ಪಾಲನ್ನು ಇವನಿಂದ ಬಿಡಿಸಿ, ಅವಳ ಕಲ್ಲಾದ ಲಿವರ್ ತೆಗೆದ ಜಾಗಕ್ಕೆ ಕೂರಿಸಿ, ನಾಳಗಳನ್ನು ಒಂದೊಂದಾಗಿ ಜೋಡಿಸುವುದಕ್ಕೆ ಹದಿಮೂರು ಗಂಟೆ ಹಿಡಿಯಿತು. ರಕ್ತ ಹರಿಯಬಿಟ್ಟ ಗಳಿಗೆಯಲ್ಲಿ ಮಾಸಲಾಗಿದ್ದ ತುಂಡು ಕೆಂಪಗಾಯಿತಂತೆ, ಸ್ವಲ್ಪ ಹೊತ್ತಿಗೆ ಹೊಂಬಣ್ಣದ ಪಿತ್ತ ಹನಿಯಿತಂತೆ. ಹೊಸ ಮನೆಗೆ ಬಂದ ದಿನವೇ ಕೆಲಸಕ್ಕೆ ಕೂತಿತು ಎಂದು ಡಾಕ್ಟರು ಹೊರಗೆ ಬಂದು ಹೇಳಿದಾಗ ಧನುಶ್ರೀ ಊರಿಗೆ ಫೋನ್ ಹಚ್ಚಿದಳು.

ಮೂರು ತಿಂಗಳ ನಂತರದ ಸ್ಕ್ಯಾನ್‌ನಲ್ಲಿ ಇಬ್ಬರದೂ ಹೆಚ್ಚುಕಮ್ಮಿ ಪೂರ್ತಿ ಬೆಳೆದಿತ್ತು. ಮಾಯಮ್ಮ ಜೀವಮಾನವಿಡೀ ದಿನಕ್ಕೆರಡು ಸಲ ಮಾತ್ರೆ ನುಂಗಬೇಕು, ನುಂಗುತ್ತಿದ್ದಾಳೆ. ಅವೆಲ್ಲ ಮುಂದಿನ ಮಾತು. ನಮಗೆ ಜೀವ ಬಂದದ್ದು ಆಪರೇಷನ್ ಆದ ನಾಲ್ಕನೇ ದಿನ.

ಬೈರಪ್ಪನನ್ನು ಆಗಲೇ ವಾರ್ಡಿಗೆ ತಂದಿದ್ದರು. ಮಾಯಮ್ಮ ಇನ್ನೂ ಗಾಜಿನ ಕೋಣೆಯಲ್ಲಿದ್ದಳು. ಸೋಂಕು ತಗುಲಬಾರದೆಂದು ಯಾರನ್ನೂ ಬಿಡುತ್ತಿರಲಿಲ್ಲ. ಕಣ್ಣು ಬಿಟ್ಟಿದ್ದಳು, ಆದರೆ ಮಾತಾಡಿರಲಿಲ್ಲ. ಮಬ್ಬು ಹೋಗಿದೆಯೋ ಇಲ್ಲವೋ ಯಾರಿಗೂ ತಿಳಿಯದು. ನರ್ಸಿಂಗ್ ಓದುವ ಹುಡುಗಿಯೆಂದು ಧನುಶ್ರೀಗೆ ಮಾತ್ರ ನಿಲುವಂಗಿ ತೊಡಿಸಿ ಐದು ನಿಮಿಷ ಬಿಟ್ಟರು. ಅವಳು ಹೊರಗೆ ಬಂದಾಗ ಬೈರಪ್ಪ ಮಂಚದ ಅಂಚಿನಲ್ಲಿ ಕಾಲಿಳಿಬಿಟ್ಟು, ಹೊಟ್ಟೆಗೆ ದಿಂಬು ಒತ್ತಿಕೊಂಡು ಕೂತಿದ್ದ.

"ಗುರುತು ಹಿಡಿದ್ಳಾ?" ಎಂದ.

"ಕಾಲು ಲೋಟ ಗಂಜಿ ಕೊಟ್ರಪ್ಪ. ಕುಡಿದ್ಳು. ಕುಡಿದು ಲೋಟ ತಿರುಗಿಸಿ ನೋಡಿ, ಆ ನರ್ಸಮ್ಮನ್ನ ನೋಡಿ, ಇಷ್ಟೇನಾ ಅಂದ್ಳು."

ಐದು ತಿಂಗಳಿಂದ ಒಂದು ತುತ್ತಿಗೆ ಒಂದು ಗಂಟೆ ಗೋಗರೆಯಬೇಕಾಗಿದ್ದ ಹೆಂಗಸು. ಬೈರಪ್ಪ ನಕ್ಕ. ನಕ್ಕರೆ ಹೊಲಿಗೆ ಎಳೆಯುತ್ತದೆ, ನಗಬಾರದೆಂದು ಹೇಳಿದ್ದರು. ನಿಲ್ಲಿಸಲು ಆಗದೆ ದಿಂಬನ್ನು ಇನ್ನಷ್ಟು ಒತ್ತಿಕೊಂಡು ನಕ್ಕ. ಕಣ್ಣೀರು ಕೆನ್ನೆಯ ಆ ಮೂಳೆಯ ಮೇಲಿಂದ ಇಳಿದು ಆಸ್ಪತ್ರೆಯ ಅಂಗಿಯ ಮೇಲೆ ಬಿತ್ತು.

"ಇನ್ನೇನಂದ್ಳು?"

"ನಿಮ್ಮಪ್ಪ ಉಂಡ್ನಾ ಕೇಳು ಅಂದ್ಳು."

"ಉಂಡಿಲ್ಲ ಅನ್ನು," ಎಂದ ಬೈರಪ್ಪ. "ಉಣ್ತೀನಿ ಈಗ. ತಟ್ಟೆ ತಾ ಮಗ."